ಇಸ್ತ್ರಿ ಹಾಕಿದ ಚಿತ್ರ

"ಈ ಹೆಂಗಸಿನ ಗೌನಿಗೆ ಏನ್ರೀ ಮಾಡಿದ್ರಿ?" ಡ್ರಾಯಿಂಗ್ ಮೇಷ್ಟ್ರು ಇಸ್ತ್ರಿಯವನ ಕ್ಯಾನ್ವಾಸಿನ ಮುಂದೆ ಬಂದವರು ಅಲ್ಲೇ ನಿಂತುಬಿಟ್ಟರು.

ನಕಲು ಮಾಡಬೇಕಾಗಿದ್ದ ಹಳೇ ಚಿತ್ರದಲ್ಲಿ ಹೆಂಗಸೊಬ್ಬಳು ಕುರ್ಚಿಯಲ್ಲೇ ನಿದ್ದೆಹೋಗಿದ್ದಳು. ಅವಳ ನೀಲಿ ಗೌನಿನ ತುಂಬಾ ಸುಕ್ಕು. ಇಸ್ತ್ರಿಯವನ ಎಣ್ಣೆಬಣ್ಣದಲ್ಲೋ, ಅದೇ ಗೌನು ಕುತ್ತಿಗೆಯಿಂದ ಪಾದದವರೆಗೆ ನೀಟಾಗಿ ಇಳಿದಿತ್ತು. ಮೂವತ್ತು ವರ್ಷ ಇಸ್ತ್ರಿಪೆಟ್ಟಿಗೆ ಹಿಡಿದ ಕೈ ನೋಡಿ. ಅಗಲ ಬ್ರಷ್ ಸಿಕ್ಕಿದ್ದೇ ತಡ, ತನಗೆ ಗೊತ್ತಿದ್ದ ಕೆಲಸ ಮಾಡಿ ಮುಗಿಸಿತ್ತು.

"ಸುಕ್ಕು ಕಂಡ್ರೆ ಕೈ ಸುಮ್ನಿರಲ್ಲ ಸಾರ್," ಎಂದು ತಲೆ ಕೆರೆದುಕೊಂಡ.

"ಗೌನೇನೋ ಫಸ್ಟ್ ಕ್ಲಾಸ್. ಒಳಗೆ ಹೆಂಗಸೇ ಇಲ್ವಲ್ಲ! ಮನೆಗೆ ತಗೊಂಡು ಹೋಗಿ, ಭಾನುವಾರದೊಳಗೆ ಅವಳನ್ನ ಕರ್ಕೊಂಡು ಬನ್ನಿ. ಇಲ್ಲಾಂದ್ರೆ ಮತ್ತೆ ಹೂಜಿ, ಸೇಬು."

ಹೂಜಿ, ಸೇಬು! ವರ್ಷವಿಡೀ ಅದನ್ನೇ ಬರೆದು ಸಾಕಾಗಿಹೋಗಿತ್ತು. ಮನುಷ್ಯರನ್ನು ಬರೆಯಬೇಕು ಅಂತಲೇ ಅವನು ಐವತ್ತೈದರಲ್ಲಿ ನಾಚಿಕೆ ಬಿಟ್ಟು ಕ್ಲಾಸಿಗೆ ಸೇರಿದ್ದು.

ಕ್ಯಾನ್ವಾಸನ್ನು ಅಂಗಡಿಯಲ್ಲೇ ಇಟ್ಟುಕೊಂಡು ಮೂರು ದಿನ ಒದ್ದಾಡಿದ. ಸುಕ್ಕು ಅಂತ ಗೆರೆ ಎಳೆದರೆ ಗೌನು ಹರಿದ ಹಾಗೆ ಕಾಣುತ್ತಿತ್ತು. ಶುಕ್ರವಾರ ಮಧ್ಯಾಹ್ನ ಊಟ ಮುಗಿಸಿ ಅಂಗಡಿಗೆ ಬಂದರೆ, ಹೆಂಡತಿ ಬೆಂಚಿನ ಮೇಲೆ ದುಪ್ಪಟಿ ಹೊದ್ದು ಮಲಗಿದ್ದಾಳೆ. ಅದೂ ಗಿರಾಕಿಯ ದುಪ್ಪಟಿ! ಬೈಯಲು ಬಾಯಿ ತೆರೆದವನು ಹಾಗೇ ನಿಂತ. ಮಂಡಿಯ ಮೇಲೆ ಬಟ್ಟೆ ಬಿಗಿದಿತ್ತು, ಸೊಂಟದ ಹತ್ತಿರ ಕುಸಿದು ಗುಡ್ಡೆಯಾಗಿತ್ತು. ಉಸಿರು ಎಳೆದಾಗೊಮ್ಮೆ ಭುಜದ ಬಳಿಯ ಸುಕ್ಕು ಬಿಚ್ಚಿ ಮತ್ತೆ ಮಡಿಚಿಕೊಳ್ಳುತ್ತಿತ್ತು. ದುಪ್ಪಟಿ ಹೊದ್ದಿದ್ದರೂ ಹೆಂಡತಿ ಪೂರ್ತಿ ಕಾಣುತ್ತಿದ್ದಳು.

ಅವಳಿಗೆ ಎಚ್ಚರವಾಯಿತು. ಗಂಡನನ್ನು ಕಂಡದ್ದೇ ಗಡಬಡಿಸಿ ದುಪ್ಪಟಿ ಕೊಡವಲು ಹೋದಳು.

"ಅಯ್ಯೋ, ಅಲ್ಲಾಡಬೇಡ ಕಣೇ! ಸುಕ್ಕು ಹೋಗ್ಬಿಡುತ್ತೆ!"

"ನಿಮಗೇನಾಯ್ತ್ರೀ ಇವತ್ತು?" ಅವಳು ಎದ್ದು ಅವನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ನಗುತ್ತಾ ಮತ್ತೆ ಮಲಗಿದಳು. ಅವನು ಸಂಜೆಯವರೆಗೆ ಬರೆದ. ಖುಷಿಗೆ ನಡುನಡುವೆ ಸಿಳ್ಳೆಯನ್ನೂ ಹಾಕಿದ.

ಭಾನುವಾರ ಬೆಳಿಗ್ಗೆ ಮೇಷ್ಟ್ರು ಇಸ್ತ್ರಿಗೆ ಕೊಟ್ಟಿದ್ದ ಕೋಟು ಒಯ್ಯಲು ಅಂಗಡಿಗೆ ಬಂದರು. ಗೋಡೆಗೆ ಒರಗಿಸಿದ್ದ ಕ್ಯಾನ್ವಾಸಿನಲ್ಲಿ, ಸುಕ್ಕುಸುಕ್ಕು ನೀಲಿ ಗೌನಿನೊಳಗೆ ಹೆಂಗಸೊಬ್ಬಳು ಹಾಯಾಗಿ ನಿದ್ದೆ ಮಾಡುತ್ತಿದ್ದಳು.

"ಬಂದ್ಲಲ್ರೀ!" ಎಂದರು ಮೇಷ್ಟ್ರು. ಆಮೇಲೆ ಮೇಜು ನೋಡಿದರು. ಕೋಟು ಮೊಣಕೈ ಮಡಿಚಿಕೊಂಡು, ಬೆನ್ನು ಬಾಗಿಸಿಕೊಂಡು ಬಿದ್ದಿತ್ತು. ಪಕ್ಕದಲ್ಲಿ ಪೆನ್ಸಿಲ್ಲು, ಅದೇ ಕೋಟನ್ನು ಅರ್ಧ ಬರೆದಿದ್ದ ಹಾಳೆ. "ಇದಿನ್ನೂ ಇಸ್ತ್ರಿ ಆಗಿಲ್ವಾ?"

"ಎರಡೇ ನಿಮಿಷ ಇರಿ ಸಾರ್. ನೀವಿನ್ನೂ ಅದರೊಳಗೇ ಇದ್ದೀರಿ."