ತಡವರಿಸುವ ಪರದೆ

ಕಂಟೇನರು ಮತ್ತೆ ಹಡಗಿನ ಅಂಚಿಗೆ ಬಡಿದು ಸಮುದ್ರಕ್ಕೆ ಬಿತ್ತು. ಪರದೆಯ ಮೇಲಿನ ಸಮುದ್ರ, ಸದ್ಯ.

"ನೋಡಿದ್ಯಾ ಇದರ ಕಿತಾಪತಿ?" ಯಮಾಂಡು ಜಾಯ್‌ಸ್ಟಿಕ್ಕನ್ನು ಮೇಜಿನ ಮೇಲೆ ಕುಕ್ಕಿದ. "ಇಲ್ಲಿದ್ದದ್ದು ಒಮ್ಮೆಲೇ ಅಲ್ಲಿರುತ್ತೆ. ನಡುವಿನ ಚಿತ್ರವೇ ಇಲ್ಲ. ದರಿದ್ರ ಪರದೆ ನಿಂತು ನಿಂತು ಹಾರುತ್ತೆ."

ಶುಕ್ರವಾರ ಮೊಂಟೆವಿಡಿಯೊ ಬಂದರಿನಲ್ಲಿ ಕ್ರೇನ್ ಚಾಲಕರ ಪರೀಕ್ಷೆ. ಹನ್ನೆರಡು ವರ್ಷ ಕೆಳಗೆ ನಿಂತು ಕೊಕ್ಕೆ ಸಿಕ್ಕಿಸಿದವನು ಯಮಾಂಡು. ಪಾಸಾದರೆ ನಲವತ್ತು ಮೀಟರ್ ಮೇಲಿನ ಗಾಜಿನ ಕೋಣೆ ಅವನದು. ಅಭ್ಯಾಸಕ್ಕಿದ್ದದ್ದು ಅಣಕು ಕ್ರೇನ್ ಓಡಿಸುವ ಈ ಹಳೆಯ ಲಿನಕ್ಸ್ ಕಂಪ್ಯೂಟರ್ ಒಂದೇ. ಜೋಡಿಸಿಕೊಟ್ಟವಳು ಚಿಕ್ಕಪ್ಪನ ಮಗಳು ಸುಲ್ಮಾ, ಹಾಗಾಗಿ ಬೈಗುಳವೂ ಅವಳ ಪಾಲಿಗೇ.

ಅವಳು ಮಧ್ಯಾಹ್ನದ ಊಟ ಬಿಟ್ಟು ಕೂತಳು. ಕಳ್ಳ ಸಿಕ್ಕಿಬಿದ್ದ. ಲಿನಕ್ಸಿನ ತಿರುಳಾದ ಕರ್ನಲ್ ಹೊಸದಾದ ಮೇಲೆ, ಗ್ರಾಫಿಕ್ಸ್ ಕಾರ್ಡನ್ನು ದುಡಿಸುವ ಡ್ರೈವರ್ ಎಂಬ ಹಳೆಯ ತಂತ್ರಾಂಶ ಎದ್ದೇ ಇರಲಿಲ್ಲ. ಕಾರ್ಡ್ ಸುಮ್ಮನೆ ಕೂತಿತ್ತು. ಚಿತ್ರ ಬಿಡಿಸುವ ಕತ್ತೆಚಾಕರಿಯೆಲ್ಲ ಪ್ರೊಸೆಸರಿನ ತಲೆಗೆ. ಸರಿಯಾದ ಡ್ರೈವರ್ ಹಾಕಿ ಯಂತ್ರವನ್ನು ಮತ್ತೆ ಚಾಲೂ ಮಾಡಿದಳು.

"ಸೆಕೆಂಡಿಗೆ ಹನ್ನೊಂದು ಚಿತ್ರ ಇದ್ದದ್ದು ಅರವತ್ತಾಗಿದೆ. ಇನ್ನೂ ಬಿದ್ರೆ ದೋಷ ನಿಂದೇ, ಅಣ್ಣ."

ಯಮಾಂಡು ಮಾಟೆ ಸೊಪ್ಪಿನ ಚಹಾ ಕುಡಿಯುವ ಸೋರೆಬುರುಡೆಗೆ ಥರ್ಮಾಸಿನಿಂದ ಬಿಸಿನೀರು ಬಗ್ಗಿಸುತ್ತಿದ್ದ. ನೀರು ಅಂಚು ಮೀರಿ ತೊಡೆ ಸುಟ್ಟ ಮೇಲೇ ಅವನಿಗೆ ಗೊತ್ತಾದದ್ದು.

"ಧ್ಯಾನ ಎಲ್ಲಿದೆಯಪ್ಪಾ?" ಸುಲ್ಮಾ ಕೇಳಿದಳು.

"ಶುಕ್ರವಾರದ ಮೇಲೆ. ಇನ್ನೆಲ್ಲಿರುತ್ತೆ?"

"ಎರಡು ತಿಂಗಳಿಂದ ಹಿಂಗೇ," ಅಡುಗೆಮನೆಯಿಂದ ಹೆಂಡತಿ ನಿಲ್ಡಾ ಕೂಗಿದಳು. "ನಾನು ಹೇಳಿದ್ದರಲ್ಲಿ ಅರ್ಧ ಕೇಳ್ತಾನೆ. ಉಳಿದರ್ಧ ಇನ್ನೊಂದ್ಸಲ ಹೇಳ್ಬೇಕು."

"ಅರ್ಧಕ್ಕೇ ಹಿಂಗಾಗಿದ್ದೀನಿ. ಪೂರ್ತಿ ಕೇಳಿದ್ರೆ ನನ್ನ ಗತಿ?"

ಅವನು ಮತ್ತೆ ಕೂತ. ನಾಲ್ಕು ಕಂಟೇನರು ಹೂವಿನಂತೆ ಇಳಿದವು. ಐದನೆಯದು ನೀರಿಗೆ.

"ಹಾರಿತು. ಮತ್ತೆ ಹಾರಿತು."

ಸುಲ್ಮಾಗೆ ಮೈಯೆಲ್ಲ ಉರಿಯಿತು. ಸೆಕೆಂಡಿಗೆಷ್ಟು ಚಿತ್ರ ಎಂಬ ದಾಖಲೆ ತೆರೆದು ನೋಡಿದಳು. ಅರವತ್ತು, ಅರವತ್ತು, ಅರವತ್ತು. "ಎಲ್ಲೂ ಕಡಿತ ಇಲ್ಲ," ಅಂದಳು.

"ಹಾಗಾದ್ರೆ ನಾನು ಸುಳ್ಳು ಬೊಗಳ್ತಿದ್ದೀನಾ? ಇದು ಆಟ ಅಲ್ಲ ಕಣೇ. ಶುಕ್ರವಾರ ಆದ್ಮೇಲೆ ಕೆಳಗೆ ನಿಂತಿರೋರು ನಮ್ಮ ಹುಡುಗರೇ."

ಡ್ರೈವರ್ ಬರೆಯುವವರು ಬಾಯಿಮಾತು ನಂಬುವುದಿಲ್ಲ. ದೂರು ಕೊಟ್ಟರೆ ಸಾಕ್ಷಿ ಎಲ್ಲಿ ಅನ್ನುತ್ತಾರೆ. ಸುಲ್ಮಾ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟಳು. ಪರದೆಯೂ ಕಾಣಬೇಕು, ಪಕ್ಕದಲ್ಲಿ ಅವನೂ ಕಾಣಬೇಕು. ಅವನು ಜಾಯ್‌ಸ್ಟಿಕ್ ಎಳೆದರೂ ಚಿತ್ರ ಕೇಳಲಿಲ್ಲ ಅನ್ನುವುದಕ್ಕೆ ಪುರಾವೆ ಸಿಗಲಿ ಎಂದು. ತಾನು ಅವನಿಗೆ ಬೆನ್ನು ಮಾಡಿ, ಲ್ಯಾಪ್‌ಟಾಪಿನಲ್ಲಿ ಅಂಕಿಗಳನ್ನು ಕಾಯುತ್ತ ಕೂತಳು.

ಇಪ್ಪತ್ತು ನಿಮಿಷ ಕಳೆಯಿತು.

"ಈಗ, ಈಗ ಹಾರಿತು. ಸಿಕ್ತಾ?"

"ಸಿಕ್ತು ಬಿಡು. ಇವತ್ತು ಅವರ ಮಾನ ಕಳೀತೀನಿ."

ವಿಡಿಯೊ ಹಿಂದಕ್ಕೆ ಎಳೆದು ನೋಡಿದಳು. ಇನ್ನೊಮ್ಮೆ ನೋಡಿದಳು. ಆಮೇಲೆ ಫೋನನ್ನು ಎದೆಗೆ ಒತ್ತಿ ಹಿಡಿದು, ನಿಲ್ಡಾಳನ್ನು ಮೆಲ್ಲಗೆ ಕರೆದಳು.

"ಏನಾಯ್ತು?" ಯಮಾಂಡು ಕೈಚಾಚಿದ. "ಎಲ್ಲಿ ನಿಂತಿತು, ತೋರಿಸು."

ವಿಡಿಯೊದಲ್ಲಿ ಕಂಟೇನರು ಒಂದು ಕ್ಷಣವೂ ನಿಲ್ಲದೆ ಹಡಗಿನತ್ತ ಸಾಗಿತ್ತು. ಏಳು ಸೆಕೆಂಡು, ಕಣ್ಣು ತೆರೆದೇ, ರೆಪ್ಪೆಯೂ ಬಡಿಯದೆ ನಿಂತುಹೋಗಿದ್ದವನು ಯಮಾಂಡು.