ಶೆನಿನ್ ಬಳ್ಳಿಯ ಎಲೆ

“ಊರಿಗೂರೇ ಒಣಗೇದ, ನೀ ಒಬ್ಬಾಕಿ ಹ್ಯಾಂಗ ಹಸರಾಗಿದ್ದಿ?” ಎಂದು ಚಂದ್ರಭಾಗಾ ಅಂಗಳದ ದ್ರಾಕ್ಷಿ ಬಳ್ಳಿಯನ್ನು ಕೇಳುತ್ತ, ಮುಖ ತೊಳೆದ ನೀರನ್ನು ಅದರ ಬುಡಕ್ಕೆ ಚೆಲ್ಲಿದಳು. ಹಿಂದಿನ ಬರಗಾಲದಲ್ಲಿ ಗಂಡಹೆಂಡಿರು ತಮ್ಮೂರು ಮೆಹಕರ ಬಿಟ್ಟು ನಾಸಿಕದ ಕಡೆ, ಬಿಳಿ ವೈನಿಗೆಂದೇ ಬೆಳೆಸುವ ಶೆನಿನ್ ದ್ರಾಕ್ಷಿಯ ತೋಟಕ್ಕೆ ಕೂಲಿಗೆ ಹೋಗಿದ್ದರು. ಜ್ವರ ಬಂದು ತೀರಿಕೊಂಡ ಮಗಳನ್ನು ಆ ತೋಟದ ಬದುವಿನಲ್ಲೇ ಮಣ್ಣು ಮಾಡಿ, ಪಕ್ಕದ ಬಳ್ಳಿಯ ಒಂದು ಕಡ್ಡಿಯನ್ನು ಒದ್ದೆ ಅರಿವೆಯಲ್ಲಿ ಸುತ್ತಿಕೊಂಡು ಬಂದು ಈ ಅಂಗಳದಲ್ಲಿ ನೆಟ್ಟಿದ್ದಳು.

ಗಂಡ ಬಕ್ಕಪ್ಪ ಹೆಗಲ ಮೇಲಿಂದ ಗಬ್ಬದ ಕುರಿಯನ್ನು ಬಳ್ಳಿಯ ಮುಂದೆ ಇಳಿಸಿದ. ಹಿಂಡಿನಲ್ಲಿ ಉಳಿದದ್ದು ಅದೊಂದೇ. ಅದಕ್ಕೂ ನಿಲ್ಲಲು ಕಾಲಿನಲ್ಲಿ ಕಸುವಿರಲಿಲ್ಲ.

“ಎಲಿ ಅಷ್ಟ ಕೊಡು. ಕತ್ತರಿಸಿದಷ್ಟೂ ಚಿಗಿತದ ಅಂತ ನೀನೇ ಅಂದಿದ್ದಿ.”

“ಅದು ನೀರಿದ್ದ ಊರಾಗರಿ.”

“ಇದರ ಹಣ್ಣಿನ ರಸ ಸಾಹುಕಾರ್ರು ಕುಡದರು. ಎಲಿಯರೆ ನಮ್ಮ ಕುರಿ ತಿನ್ನಲಿ.” ಅವನ ದನಿ ಇಳಿಯಿತು. “ಹೊಟ್ಯಾಗ ಮರಿ ಅದ, ಚಂದ್ರೀ.”

ಕುರಿ ಕುತ್ತಿಗೆ ಚಾಚಿತು. ಚಂದ್ರಭಾಗಾ ಕೆಳಗಿನ ಎಲೆಗಳನ್ನು ಅಂಗೈಯಲ್ಲಿ ಮುಚ್ಚಿದಳು. ಅದು ಅವಳ ಬೆರಳುಗಳನ್ನೇ ನೆಕ್ಕತೊಡಗಿತು. ಅವಳು ಕೈ ಹಿಂದೆ ತೆಗೆಯಲಿಲ್ಲ.

“ಕೊಡಂಗಿಲ್ಲರಿ,” ಅಂದಳು.