ಕಿಟಕಿ ಪಕ್ಕದ ಹಾಸಿಗೆಯ ಖಾತೆ

ಕ್ಲೇಮು ಮತ್ತೆ ವಾಪಸ್ ಬಂದಿತ್ತು. ಕಾರಣವೂ ಹಳೆಯದೇ: ರುಜು ತಾಳೆಯಾಗುತ್ತಿಲ್ಲ.

ಬಿಲ್ಲಿಂಗ್ ಗುಮಾಸ್ತೆ ಹಣೆ ಚಚ್ಚಿಕೊಂಡಳು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಗಾಳಿ ಬೆಳಕಿಲ್ಲದ ಕೋಣೆಯಲ್ಲಿ ಅವಳ ಮೇಜು. ಯಾವ ರೋಗಿಯ ಖಾತೆ ಎಲ್ಲಿಗೆ ಬಂತು, ವಿಮಾ ಕಂಪನಿ ಯಾರದ್ದನ್ನು ಒಪ್ಪಿತು, ಯಾರದ್ದಕ್ಕೆ ಕ್ಯಾತೆ ತೆಗೆಯಿತು ಎಂದು ಬೆನ್ನು ಹತ್ತುವುದೇ ಅವಳ ಕೆಲಸ. ಕಂಪನಿ ಒಪ್ಪಿದ ಖಾತೆ ಪರದೆಯ ಮೇಲೆ ಹಸಿರಾಗುತ್ತದೆ. ಉಳಿದವೆಲ್ಲ ಹೇಗೋ ಹಸಿರಾಗಿದ್ದವು. ಎರಡನೇ ಮಹಡಿಯ ಕಿಟಕಿ ಪಕ್ಕದ ಹಾಸಿಗೆಯಲ್ಲಿದ್ದ ವಯಸ್ಸಾದ ಅಮ್ಮನ ಖಾತೆಯೊಂದು ಮಾತ್ರ ಕೆಂಪಗೆ ಕೂತು ಅವಳನ್ನೇ ಗುರಾಯಿಸುತ್ತಿತ್ತು.

ಅಮ್ಮನ ಮುರಿದ ಕಾಲು ಕೂಡಿಕೊಂಡಿತ್ತು. ಮನೆಗೆ ಹೋಗಬಹುದೆಂದು ವೈದ್ಯರು ಬರೆದುಕೊಟ್ಟೂ ಆಗಿತ್ತು. ಆದರೆ ಕಂಪನಿ ಒಪ್ಪದೆ ಆಸ್ಪತ್ರೆ ಬಿಡುವಂತಿಲ್ಲ. ಪಾಲಿಸಿ ಅಮ್ಮನ ಹೆಸರಿನಲ್ಲಿದ್ದುದರಿಂದ ಅಮ್ಮನ ರುಜುವೇ ಬೇಕು. ಪಾಲಿಸಿಯಲ್ಲಿದ್ದ ಹಳೆಯ ರುಜು ಮುತ್ತು ಪೋಣಿಸಿದ ಹಾಗಿತ್ತು. ಈಗಿನದಕ್ಕೋ, ಒಂದು ಸಲ ಬಾಲ ಉದ್ದ, ಇನ್ನೊಂದು ಸಲ ತಲೆ ಓರೆ. “ಕೈ ನಡುಗುತ್ತೆ ಕಣಮ್ಮ, ಏನ್ ಮಾಡ್ಲಿ?” ಎನ್ನುತ್ತಿದ್ದರು ಅಮ್ಮ. ಹೆಬ್ಬೆಟ್ಟಾದರೂ ಒತ್ತಿಸಲೇ ಎಂದು ಗುಮಾಸ್ತೆ ಫೋನಿನಲ್ಲಿ ಗೋಗರೆದಳು. ರುಜು ಬಲ್ಲವರ ಹೆಬ್ಬೆಟ್ಟು ನಡೆಯುವುದಿಲ್ಲವೆಂದು ಕಂಪನಿಯವರು ಕಡ್ಡಿ ಮುರಿದಂತೆ ಹೇಳಿದರು.

ಮ್ಯಾನೇಜರು ಬಾಗಿಲಿನಿಂದಲೇ ತಲೆ ಹಾಕಿದರು.

“ಆ ಕೆಂಪು ಇನ್ನೂ ಹೋಗಿಲ್ವಾ? ಮೇಲಿನವರಿಗೆ ನಾನು ಏನಂತ ಉತ್ತರ ಹೇಳ್ಲಿ? ಸಂಜೆಯೊಳಗೆ ಮುಗಿಸಿ. ಆಗಲ್ಲ ಅಂದ್ರೆ ನಾಳೆಯಿಂದ ನೀವು ಬರೋದು ಬೇಡ.”

ಈ ಕೋಣೆಯಿಂದ ಓಡಿಹೋಗಬೇಕೆಂದು ಗುಮಾಸ್ತೆಗೆ ದಿನವೂ ಅನ್ನಿಸುತ್ತಿತ್ತು. ಆಚೆ ಹಾಕುತ್ತೇನೆ ಎಂದಾಗ ಮಾತ್ರ ಮನೆ ಕಣ್ಣ ಮುಂದೆ ಬಂತು. ಮನೆಯಲ್ಲಿ ತಿನ್ನುವ ಬಾಯಿ ಆರು, ದುಡಿಯುವ ಕೈ ಅವಳದೊಂದೇ. ಫಾರಂ ಹಿಡಿದು ಮೆಟ್ಟಿಲು ಹತ್ತಿದಳು.

ವಾರ್ಡಿನ ಹೊರಗೆ ಅಮ್ಮನ ಯಜಮಾನರೂ ಸೊಸೆಯೂ ಕಾದಿದ್ದರು. ದಿನವೂ ತಪ್ಪದೆ ಬರುವವರು. ಯಜಮಾನರ ಅಂಗಿ ಮುದುಡಿ ಮುದ್ದೆಯಾಗಿತ್ತು, ಒಂದು ಗುಂಡಿ ತನ್ನದಲ್ಲದ ತೂತಿನಲ್ಲಿತ್ತು.

“ಇವತ್ತಾದ್ರೂ ಕಳಿಸಿಕೊಡಿ ತಾಯಿ,” ಅವರು ಕೈ ಮುಗಿದರು. “ಅವಳಿಲ್ಲದೆ ಮನೆ ಮನೆ ಥರಾನೇ ಇಲ್ಲ. ಕೈಯಿಂದ ದುಡ್ಡು ಕಟ್ಟಿ ಕರ್ಕೊಂಡು ಹೋಗೋಣ ಅಂದ್ರೆ, ಅವಳ ಪೆನ್ಷನ್ನಲ್ಲೇ ಅಲ್ವಾ ನಮ್ಮ ಸಂಸಾರ ನಡೆಯೋದು.”

“ಅತ್ತೆ ಇಲ್ಲ ಅಂತ ಮಕ್ಕಳು ಸರಿಯಾಗಿ ಊಟಾನೇ ಮಾಡ್ತಿಲ್ಲ,” ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗುಮಾಸ್ತೆ ವಾರ್ಡಿನ ಬಾಗಿಲತ್ತ ನಡೆದಳು. ಇಷ್ಟು ಜೀವ ಬಿಡುವ ಸಂಸಾರವಿದ್ದೂ ಒಂದು ರುಜುವಿಗಾಗಿ ಅಮ್ಮ ಇಲ್ಲಿ ಸೆರೆಯಾಗಿ ಬಿದ್ದಿರಬೇಕೇ?

ಒಳಗೆ ಅಮ್ಮ, ಪಕ್ಕದ ಹಾಸಿಗೆಯ ಅಜ್ಜಿಗಾಗಿ ಸೂಜಿಗೆ ದಾರ ಪೋಣಿಸುತ್ತಿದ್ದರು. ಒಂದೇ ಸಲಕ್ಕೆ ದಾರ ತೂರಿತು. ಈ ವಯಸ್ಸಿನಲ್ಲೂ ಎಂಥ ಚುರುಕು ಕಣ್ಣು ಎಂದುಕೊಂಡಳು ಗುಮಾಸ್ತೆ.

“ಇವತ್ತೂ ಒಪ್ಪಿಗೆ ಬರಲಿಲ್ವಾ?” ಅಮ್ಮ ಕೇಳಿದರು.

“ಇಲ್ಲಮ್ಮ. ಮತ್ತೆ ವಾಪಸ್.”

ಅಮ್ಮ ಉದ್ದಕ್ಕೆ ಉಸಿರು ಬಿಟ್ಟು ದಿಂಬಿಗೆ ಒರಗಿದರು. ಹೊದಿಕೆಯನ್ನು ಕತ್ತಿನವರೆಗೂ ಎಳೆದುಕೊಂಡರು. ಪಾಪ, ಇನ್ನೆಷ್ಟು ತಡೆದುಕೊಂಡಾರು!

ಫಾರಂ ಚಾಚಿದ ಗುಮಾಸ್ತೆಯ ಬಾಯಿಂದ ಹೇಳಬಾರದ ಮಾತು ಜಾರಿತು. “ಅಮ್ಮಾ, ಇದೂ ತಪ್ಪಿದ್ರೆ ಇವತ್ತಿಗೆ ನನ್ನ ಕೆಲಸ ಹೋಗುತ್ತೆ.” ಹೇಳುತ್ತ ಹೇಳುತ್ತ ಅವಳಿಗೆ ಅಳು ಬಂದೇ ಬಿಟ್ಟಿತು.

ಅಮ್ಮ ಅವಳನ್ನು ಮೊದಲ ಸಲ ನೋಡುವವರಂತೆ ನೋಡಿದರು.

“ಮನೇಲಿ ಅಡುಗೆ ಯಾರು ಮಾಡ್ತಾರೆ?”

ಇದೆಂಥ ಪ್ರಶ್ನೆ? “ನಾನೇ. ಮುಗಿಸಿಟ್ಟು ಬರ್ತೀನಿ.”

“ಇಲ್ಲಿಂದ ಹೋದ್ಮೇಲೆ?”

“ಆಗಲೂ ನಾನೇ.”

ಅಮ್ಮ ಕಿಟಕಿಯತ್ತ ತಿರುಗಿದರು. ಎದುರಿನ ತಾರಸಿಯ ಬಿಸಿಲಲ್ಲಿ ಬೆಕ್ಕೊಂದು ಕಾಲು ಚಾಚಿ ಮಲಗಿತ್ತು. ಅದನ್ನೇ ತುಂಬ ಹೊತ್ತು ನೋಡಿದರು.

“ಕೊಡು ಪೆನ್ನು,” ಎಂದರು.

ಮಧ್ಯಾಹ್ನ ಕಳೆಯುವುದರೊಳಗೆ ಪರದೆಯ ಮೇಲಿನ ಕೆಂಪು ಹಸಿರಾಯಿತು. ಗುಮಾಸ್ತೆ ಕುರ್ಚಿಯಿಂದ ಜಿಗಿದೆದ್ದಳು. ಕೆಲಸ ಉಳಿಯಿತು, ಅಮ್ಮನಿಗೂ ಬಿಡುಗಡೆಯಾಯಿತು!

ಅವಳು ಓಡೋಡಿ ಬರುವಾಗ ಅಮ್ಮನ ಗಾಲಿಕುರ್ಚಿ ಆಸ್ಪತ್ರೆಯ ಹೆಬ್ಬಾಗಿಲಿನಲ್ಲಿತ್ತು. “ಮನೆಗೆ ಹೋದ ತಕ್ಷಣ ನನ್ನ ನೀಲಿ ಅಂಗಿ ಎಲ್ಲಿದೆ ನೋಡೇ,” ಎನ್ನುತ್ತಿದ್ದರು ಯಜಮಾನರು. “ಅತ್ತೆ, ಕೂತ್ಕೊಂಡೇ ತರಕಾರಿ ಹೆಚ್ಚಬಹುದಂತೆ, ಡಾಕ್ಟರನ್ನ ಕೇಳಿದೀನಿ,” ಎಂದಳು ಸೊಸೆ. ಇಬ್ಬರೂ ಆಟೋ ಕರೆಯಲು ಮುಂದೆ ಹೋದರು.

ಗುಮಾಸ್ತೆ ಅಮ್ಮನ ಕೈ ಹಿಡಿದುಕೊಂಡಳು. “ನೋಡಿದ್ರಾ ಅಮ್ಮಾ, ಇವತ್ತು ನಿಮ್ಮ ಕೈ ಒಂಚೂರೂ ನಡುಗಲಿಲ್ಲ! ಅಚ್ಚು ಹಾಕಿದ ಹಾಗೆ ಬಂತು ರುಜು.”

ಅಮ್ಮ ಅವಳನ್ನು ಹತ್ತಿರಕ್ಕೆಳೆದು ಕಿವಿಯಲ್ಲಿ ಹೇಳಿದರು: “ಬ್ಯಾಂಕಲ್ಲಿ ಮಂದಿಯ ರುಜು ತಾಳೆ ನೋಡಿ ನೋಡಿಯೇ ರಿಟೈರ್ ಆದವಳು ಕಣೇ ನಾನು, ಎಷ್ಟು ಕೆಡಿಸಿದ್ರೆ ವಾಪಸ್ ಬರುತ್ತೆ ಅಂತ ನನಗೆ ಗೊತ್ತಿಲ್ವಾ? ಮದುವೆಯಾದ ಮೇಲೆ ಮೊದಲನೇ ಸಲ ಮಲಗಿದಲ್ಲಿಗೇ ಊಟ ಬರ್ತಿತ್ತು. ನೀನು ಅಳದೆ ಇದ್ದಿದ್ರೆ ಇನ್ನೊಂದು ವಾರ ಮಲಗಿರ್ತಿದ್ದೆ.”